ಒಣಗಿದ ಮೇಲೆ ಸರಿಹೋಗುವ ಬಣ್ಣ

ಬಣ್ಣದಂಗಡಿಯ ಯಜಮಾನರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಅಂಗಡಿಯ ಲೈಸೆನ್ಸಿನಲ್ಲಿ ಮಾತ್ರ ಉಳಿದಿತ್ತು. ಪೇಟೆಯವರ ಬಾಯಲ್ಲಿ ಅವರು 'ಒಣಗ್ಲಿ ಯಜಮಾನ್ರು'. ಡಬ್ಬಿ ಹಿಡಿದುಕೊಂಡು ಬಂದು "ನಾನು ಕೇಳಿದ್ದು ಕೆನೆ ಬಣ್ಣ, ಗೋಡೆ ಮೇಲೆ ಹಳದಿ ಹೊಡೀತಿದೆಯಲ್ಲ" ಎಂದವರಿಗೆಲ್ಲ ಅವರು ಕೊಡುತ್ತಿದ್ದ ಮದ್ದು ಒಂದೇ: "ಒಣಗ್ಲಿ, ಸರಿಹೋಗುತ್ತೆ." ಒಣಗಿದ ಮೇಲೂ ಸರಿಹೋಗದೆ ಮತ್ತೆ ಬಂದರೆ ಗೋಡೆಯಲ್ಲಿ ತೇವ ಇರುತ್ತಿತ್ತು. ಗೋಡೆ ಒಣಗಿದ್ದರೆ ಬಲ್ಬಿನ ಬೆಳಕು ಹಾಳಾಗಿರುತ್ತಿತ್ತು. ಬಲ್ಬೂ ಚೆನ್ನಾಗಿದೆ ಎಂದು ಹಟ ಹಿಡಿದವರ ಕಣ್ಣನ್ನೇ ಒಮ್ಮೆ ಡಾಕ್ಟರಿಗೆ ತೋರಿಸುವುದು ಒಳ್ಳೆಯದು ಎಂಬ ಸಲಹೆ ಸಿಗುತ್ತಿತ್ತು.

ಪೇಟೆಯ ಮುಕ್ಕಾಲು ಪಾಲು ಜನ ಮೊದಲ ಮದ್ದಿಗೇ ಸುಮ್ಮನಾಗುತ್ತಿದ್ದರು. ಬೇಕರಿಯ ಅಕ್ಕನಂಥವರು 'ಅಣ್ಣ ಹೇಳಿದ ಮೇಲೆ ಮುಗೀತು' ಎಂದು ಇಡೀ ಬೇಕರಿಗೆ ಅದನ್ನೇ ಬಳಿಸಿಕೊಂಡು ನೆಮ್ಮದಿಯಾಗಿದ್ದರು. ಜಗ್ಗದೆ ನಿಂತವರು ಕೆಲವರು. ಅಂಥವರಿಂದ ಡಬ್ಬಿ ವಾಪಸು ತೆಗೆದುಕೊಂಡು, ಬೇರೊಂದು ಡಬ್ಬಿಯಲ್ಲಿ ಹಳದಿಯನ್ನು ಕಣ್ಣಂದಾಜಿನಲ್ಲಿ ತಗ್ಗಿಸಿ ಬೆರೆಸಿ, "ನಿಮ್ಮ ಮುಖ ನೋಡಿ ಕೊಡ್ತಿದೀನಿ, ಬಣ್ಣದ ತಪ್ಪು ಅಂತ ಅಲ್ಲ" ಎಂದು ಯಜಮಾನರು ಕಳಿಸುತ್ತಿದ್ದರು. ಬೆರೆಸುವ ಯಂತ್ರದಲ್ಲಿ ಹಳದಿಯ ನಳಿಕೆ ಒಂದು ತೊಟ್ಟು ಹೆಚ್ಚಿಗೆ ಬಿಡುತ್ತದೆ ಎಂಬುದು ಅವರ ಕೈಗೆ ಗೊತ್ತಿತ್ತು, ಬಾಯಿಗೆ ಗೊತ್ತಿರಲಿಲ್ಲ.

ವಾಪಸು ಬಂದ ಡಬ್ಬಿಗಳು ಹಿಂದಿನ ಕೋಣೆ ಸೇರುತ್ತಿದ್ದವು. ಎಲ್ಲವನ್ನೂ ಒಂದು ದಿನ ದೊಡ್ಡ ಡ್ರಮ್ಮಿಗೆ ಸುರಿದು, ಕಪ್ಪು ಬೆರೆಸಿ, ಗೇಟಿಗೋ ಕಾಂಪೌಂಡಿಗೋ ಬಳಿಯುವ ಕಂದು ಬಣ್ಣ ಮಾಡಿ ಮಾರಿಬಿಡುವುದು ಅವರ ಯೋಜನೆ. ಆ ದಿನ ಬರಲೇ ಇಲ್ಲ. ನೀರಿನ ಬಣ್ಣವನ್ನು ವರ್ಷಗಟ್ಟಲೆ ಮುಚ್ಚಿಟ್ಟರೆ ಅದು ಕೊಳೆಯುತ್ತದೆ. ಬಣ್ಣ ಮಾರುವವರಿಗೆಲ್ಲ ಇದು ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಯಜಮಾನರಂತೂ ಹೇಸಿಗೆಪಡುವುದರಲ್ಲಿ ಎತ್ತಿದ ಕೈ. ಬಣ್ಣ ಮಾರಿಯೇ ಬದುಕಿದವರು, ಬೆರಳಿಗೆ ಒಂದು ಹನಿ ತಾಕಿದರೆ ಸೋಪು ಹಾಕಿ ತೊಳೆಯದೆ ಇನ್ನೊಂದು ಕೆಲಸ ಮುಟ್ಟುತ್ತಿರಲಿಲ್ಲ. ಹಿಂದಿನ ಕೋಣೆಯ ಬಾಗಿಲನ್ನು ಕಾಲಿನಿಂದ ತೆರೆದು, ಉಸಿರು ಬಿಗಿಹಿಡಿದು ಡಬ್ಬಿ ಇಟ್ಟು, ಕಾಲಿನಿಂದಲೇ ಮುಚ್ಚಿ ಬರುತ್ತಿದ್ದರು.

ಲೆಕ್ಕ ಬರೆಯುವುದು ಹೆಂಡತಿಯ ಕೆಲಸ. ಮೊದಲ ವರ್ಷವೇ ಆಕೆ ಕೇಳಿದ್ದಳು: "ರೀ, ವಾಪಸ್ ಬಂದ ಡಬ್ಬಿ ಅಂತ ಬರೀಲಾ?"

"ವಾಪಸ್ ಅಂತ ಬರೆದ್ರೆ ತಪ್ಪು ನಮ್ದು ಅಂತಾಗುತ್ತೆ ಕಣೇ. ಸೋರಿಹೋಯ್ತು ಅಂತ ಬರಿ."

"ಸೋರಿದ್ರೆ ನೆಲ ಒದ್ದೆ ಆಗಿರ್ಬೇಕಿತ್ತಲ್ಲ?"

"ನಿಂಗ್ಯಾಕೆ ನೆಲದ ಚಿಂತೆ? ನೀನು ಬರಿ."

ಆಕೆ ಬರೆದಳು. ಅಂದಿನಿಂದ ಪ್ರತಿ ವರ್ಷವೂ ಬರೆದಳು. ಸೋರಿಹೋದದ್ದೆಲ್ಲ ನಷ್ಟವೆಂದು ಲೆಕ್ಕದಲ್ಲಿ ಕಳೆಯುತ್ತ ಹೋಯಿತು. ಸೋರದ ಡಬ್ಬಿಗಳು ಕೋಣೆಯಲ್ಲಿ ಸೂರು ಮುಟ್ಟುತ್ತ ಹೋದವು.

ಹೀಗಿರುವಾಗ ತೆರಿಗೆ ಇಲಾಖೆಯಿಂದ ನೋಟಿಸು ಬಂತು. ಲೆಕ್ಕಪತ್ರ ತಪಾಸಣೆಗೆ ಅಧಿಕಾರಿಗಳು ಅಂಗಡಿಗೇ ಬರುತ್ತಾರೆ, ಬಿಲ್ಲುಗಳನ್ನೂ ಮಾಲನ್ನೂ ಸಿದ್ಧವಾಗಿಡಬೇಕು. ಗಂಡ ಹೆಂಡತಿ ಇಬ್ಬರೂ ಅಟ್ಟದಿಂದ ಹಳೆಯ ಬಿಲ್ಲಿನ ಕಟ್ಟುಗಳನ್ನು ಇಳಿಸಿದರು. ಕಟ್ಟು ಬಿಚ್ಚಿದರೆ ಬಿಲ್ಲಿಗೆ ಬಿಲ್ಲು ಅಂಟಿಕೊಂಡಿದೆ, ನಡುನಡುವೆ ಇಲಿಯ ಹಿಕ್ಕೆ, ಒಂದು ಕಟ್ಟಿನಲ್ಲಿ ಒಣಗಿ ಹಪ್ಪಳವಾದ ಹಲ್ಲಿ. ಯಜಮಾನರು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಎರಡೇ ಬೆರಳಿನಲ್ಲಿ ಹಾಳೆ ಬಿಡಿಸತೊಡಗಿದರು.

"ಹಲ್ಲಿ ಸತ್ತಿದೆ ಕಣ್ರೀ, ಕಚ್ಚಲ್ಲ" ಎಂದಳು ಹೆಂಡತಿ.

"ಕಚ್ಚಿದ್ರೆ ಪರವಾಗಿಲ್ಲ. ಯಾವ ವರ್ಷದ ಬಿಲ್ಲಿನ ಮೇಲೆ ಸತ್ತಿದೆ ನೋಡು, ಆ ನಂಬರ್ ಓದೋಕಾಗ್ತಿಲ್ಲ."

ಬಿಲ್ಲುಗಳನ್ನು ಚೀಲಕ್ಕೆ ತುಂಬಿಕೊಂಡು ಅವರು ಆಡಿಟರ ಬಳಿ ಹೋದರು. ಪೇಟೆಯ ಅರ್ಧ ಅಂಗಡಿಗಳ ಲೆಕ್ಕವನ್ನು ಇಲಾಖೆಗೆ ಸಲ್ಲಿಸಿಕೊಡುವ ಖಾಸಗಿ ಆಡಿಟರು ಅವರು. ಆಫೀಸು ಬೇಕರಿಯ ಮೇಲಿನ ಮಹಡಿಯಲ್ಲಿ. ಮೇಜಿನ ಮೇಲೆ ಬಿಸ್ಕತ್ತಿನ ಪುಡಿ, ಪುಡಿಯ ಸುತ್ತ ಇರುವೆ, ಇರುವೆಗಳ ನಡುವೆ ಫೈಲು. ಆಡಿಟರಿಗೆ ಒಂದು ಅಭ್ಯಾಸವಿತ್ತು. ಪ್ರತಿ ಬಿಲ್ಲು ತಿರುವುವ ಮೊದಲು ತೋರುಬೆರಳನ್ನು ನಾಲಿಗೆಗೆ ಒತ್ತಿ ಒದ್ದೆ ಮಾಡಿಕೊಳ್ಳುತ್ತಿದ್ದರು. ಇಲಿಯ ಹಿಕ್ಕೆಯ ನಡುವೆ ಮಲಗಿ ಬಂದ ಬಿಲ್ಲು, ಆಮೇಲೆ ಬೆರಳು, ಆಮೇಲೆ ನಾಲಿಗೆ, ಮತ್ತೆ ಬಿಲ್ಲು. ಯಜಮಾನರು ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡರು. ಹೇಳಿಬಿಡೋಣವೆಂದುಕೊಂಡರು, ಆದರೆ ಯಾವ ಬಾಯಲ್ಲಿ ಹೇಳುವುದು?

"ಯಜಮಾನ್ರೇ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ" ಎಂದರು ಆಡಿಟರು, ನೆಕ್ಕುತ್ತಲೇ. "ಅಂಗಡಿ ಎಷ್ಟು ಗಂಟೆಗೆ ತೆಗೀತೀರಿ ಅಂದ್ರೆ ಒಂಬತ್ತಕ್ಕೆ ಅನ್ನಿ. ಎಂಟಕ್ಕೆ ಯಾಕಿಲ್ಲ ಅಂತ ಮಂಡಿನೋವಿನ ಕತೆ ತೆಗೀಬೇಡಿ. ಸರಿ, ಮಾಲು ಲೆಕ್ಕಕ್ಕೆ ತಾಳೆ ಆಗುತ್ತಾ?"

"ಮುಂದಿನ ಅಂಗಡೀದು ಆಗುತ್ತೆ."

"ಹಿಂದೆ?"

"ಒಂದಷ್ಟು ಹಳೇ ಡಬ್ಬಿ ಇವೆ. ವಾಪಸ್ ಬಂದದ್ದು."

ನಾಲಿಗೆಯ ಮೇಲಿದ್ದ ಬೆರಳು ಅಲ್ಲೇ ನಿಂತಿತು. "ಸೋರಿಹೋಯ್ತು ಅಂತ ವರ್ಷವರ್ಷ ನಷ್ಟ ತೋರಿಸಿದೀವಲ್ರೀ! ಹೋದ ಮಾಲು ಒಳಗೆ ಕೂತಿದ್ರೆ ಏನಂತಾರೆ ಗೊತ್ತಾ? ಇದು ಬಿಲ್ಲಿಲ್ಲದೆ ತಂದು ಬಚ್ಚಿಟ್ಟ ಮಾಲು ಅಂತಾರೆ. ತೆರಿಗೆ, ಅದರ ಮೇಲೆ ದಂಡ, ಅದರ ಮೇಲೆ ಬಡ್ಡಿ. ಅಂಗಡೀಲಿ ಅರ್ಧ ಮಾರ್ಬೇಕಾಗುತ್ತೆ, ನೋಡಿ."

"ಮತ್ತೇನ್ಮಾಡೋದು?"

"ಅವರು ಬರೋದ್ರೊಳಗೆ ಕೋಣೆ ಖಾಲಿ ಮಾಡಿ. ಆಗಲ್ಲ ಅಂದ್ರೆ ಕೈ ಬೆಚ್ಚಗೆ ಮಾಡೋಣ. ಅದನ್ನ ನಂಗೆ ಬಿಡಿ" ಎಂದು ಆಡಿಟರು ಎದ್ದು ಬಂದು, ಅದೇ ಒದ್ದೆ ಕೈಯಲ್ಲಿ ಯಜಮಾನರ ಬೆನ್ನು ತಟ್ಟಿದರು.

ಯಜಮಾನರು ಹರಿಶ್ಚಂದ್ರನ ಮೊಮ್ಮಗನೇನೂ ಅಲ್ಲ. ಆದರೆ ಆ ಬೆರಳು ದಾಟಿಸುವ ಕವರು ಅರ್ಧ ದಾರಿಯಲ್ಲೇ ಯಾರದೋ ಜೇಬು ಸೇರುತ್ತದೆ ಎಂದು ಊಹಿಸುವಷ್ಟು ವ್ಯಾಪಾರ ಅವರಿಗೂ ಗೊತ್ತಿತ್ತು. ಮನೆಗೆ ಬಂದವರೇ ಅಂಗಿ ಬಿಚ್ಚಿ ಬಕೆಟ್ಟಿಗೆ ಹಾಕಿದರು. "ಕೋಣೆ ಖಾಲಿ ಮಾಡೋಣ" ಎಂದರು.

ಮರುದಿನ ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತು ನೋಡಿ, ಹಿತ್ತಲಿನ ಚರಂಡಿಯ ಪಕ್ಕ ಮೊದಲ ಡಬ್ಬಿ ಇಟ್ಟುಕೊಂಡರು. ಮುಚ್ಚಳಕ್ಕೆ ಸ್ಕ್ರೂಡ್ರೈವರ್ ಹಾಕಿ ಮೀಟಿದ್ದೇ ತಡ, ಒಳಗಿನಿಂದ ಬುಸ್ಸೆಂದು ಗಾಳಿ ಹೊರಟಿತು. ಕೊಳೆತ ಮೊಟ್ಟೆ, ಕಟ್ಟಿಕೊಂಡ ಮೋರಿ, ಮಳೆಯಲ್ಲಿ ನೆನೆದ ನಾಯಿ, ಮೂರೂ ಸೇರಿ ಮುಖಕ್ಕೆ ಹೊಡೆದಂತಾಯಿತು. ಮೇಲೆ ಕೆನೆಗಟ್ಟಿದ ದಪ್ಪ ಚರ್ಮ. ಕೋಲಿನಿಂದ ಅದನ್ನು ಎತ್ತಿದರೆ ಎಳೆಎಳೆಯಾಗಿ ಜೋತುಬಿತ್ತು. ಅವರು ಕಣ್ಣು ಮುಚ್ಚಿಕೊಂಡು ಡಬ್ಬಿ ಬಗ್ಗಿಸಿದರು. ಕೀವಿನ ಬಣ್ಣದ ಧಾರೆ ಹಿತ್ತಲ ಚರಂಡಿಯಲ್ಲಿ ನಿಧಾನವಾಗಿ ತೆವಳಿ, ಸಂದಿ ದಾಟಿ, ಮುಂದಿನ ಬೀದಿಯ ದೊಡ್ಡ ಚರಂಡಿಗೆ ಸೇರಿ, ಅಂಗಡಿ ಅಂಗಡಿಯ ಮುಂದೆ ಮೆರವಣಿಗೆ ಹೊರಟಿತು.

ಪಕ್ಕದ ಮಳಿಗೆಯ ದರ್ಜಿ ಅಳತೆಪಟ್ಟಿಯ ಸಮೇತ ಓಡಿಬಂದ. "ಯಜಮಾನ್ರೇ, ಒಳಗೆ ಏನಾದ್ರೂ ಸತ್ತಿದೆಯಾ?"

"ಏನೂ ಇಲ್ಲಪ್ಪ."

ದರ್ಜಿ ಚರಂಡಿಯನ್ನು ನೋಡಿದ, ಡಬ್ಬಿಯನ್ನು ನೋಡಿದ. ಮೂಗು ಹಿಡಿದುಕೊಂಡೇ ನಕ್ಕ. "ಒಣಗ್ಲಿ ಬಿಡಿ, ಸರಿಹೋಗುತ್ತೆ."

ಒಂದು ಡಬ್ಬಿಗೇ ಬೀದಿಯ ಜನವೆಲ್ಲ ಹೊರಗೆ ಬಂದು ನಿಂತಿದ್ದರು. ಇಡೀ ಕೋಣೆಯನ್ನು ಸುರಿದರೆ ಇಲಾಖೆಯವರಿಗೆ ವಿಳಾಸ ಹುಡುಕುವ ಕಷ್ಟವೂ ಇರುವುದಿಲ್ಲ, ಚರಂಡಿ ಹಿಡಿದು ನೇರ ಬರಬಹುದು. ಯಜಮಾನರು ಕೈ ತೊಳೆದುಕೊಂಡರು, ಮತ್ತೆ ತೊಳೆದುಕೊಂಡರು, ಆ ರಾತ್ರಿ ಊಟ ಬೇಡವೆಂದರು.

ಬಂದ ಅಧಿಕಾರಿ ಮಿತಮಾತಿನ ಹೆಂಗಸು. ತಮ್ಮ ನೀರಿನ ಬಾಟಲಿ ತಾವೇ ತಂದಿದ್ದರು, ಟೀ ಬೇಡವೆಂದರು, ಫ್ಯಾನಿನ ಕೆಳಗಿನ ಕುರ್ಚಿಯನ್ನೂ ಬೇಡವೆಂದರು. ಏನನ್ನೂ ಬೇಡವೆನ್ನುವ ಅಧಿಕಾರಿಗಿಂತ ಭಯಂಕರವಾದದ್ದು ವ್ಯಾಪಾರಿಗೆ ಇನ್ನೊಂದಿಲ್ಲ. ಅವರ ಜೊತೆ ಬಂದಿದ್ದ ಗುಮಾಸ್ತ ಮುಂದಿನ ಮಾಲನ್ನು ಎಣಿಸಿ ಮುಗಿಸಿದ. ಎಲ್ಲ ತಾಳೆಯಾಯಿತು. ಪಕ್ಕದಲ್ಲೇ ನಿಂತಿದ್ದ ಆಡಿಟರು ಹಲ್ಲು ಕಿರಿದು, "ನೋಡಿ ಮೇಡಂ, ನಮ್ಮ ಯಜಮಾನ್ರು ಅಂದ್ರೆ ಅಪ್ಪಟ..." ಎನ್ನುವಷ್ಟರಲ್ಲಿ ಅಧಿಕಾರಿ ಮೂಗು ಅರಳಿಸಿದರು.

"ಹಿಂದೆ ಏನಿದೆ?"

ಬಾಗಿಲನ್ನು ಕಾಲಿನಿಂದ ತೆರೆಯುವ ಧೈರ್ಯ ಯಜಮಾನರಿಗೆ ಬರಲಿಲ್ಲ. ಕೈಯಿಂದಲೇ ತೆರೆದರು. ನೆಲದಿಂದ ಸೂರಿನವರೆಗೆ ಡಬ್ಬಿಗಳು.

"ಹಳೇ ಮಾಲು, ಮೇಡಂ."

"ನಿಮ್ಮ ಲೆಕ್ಕದಲ್ಲಿ ಹಳೇ ಮಾಲು ಅಂತ ಇಲ್ವಲ್ಲ. ಸೋರಿಹೋಗಿದ್ದು ಅಂತಿದೆ." ಅವರು ಒಂದು ಡಬ್ಬಿ ಎತ್ತಿ ಕುಲುಕಿದರು. ಒಳಗೆ ಏನೋ ಭಾರವಾಗಿ ಹೊರಳಿತು. "ಇದು ಸೋರಿಲ್ಲ. ತುಂಬಿದೆ."

ಯಜಮಾನರು ಆಡಿಟರ ಕಡೆ ನೋಡಿದರು. ಆಡಿಟರು ಸೂರಿನ ಜೇಡರಬಲೆಯನ್ನು ಅಧ್ಯಯನ ಮಾಡುತ್ತಿದ್ದರು. ಆಗ ಗಲ್ಲಾದ ಹಿಂದಿನಿಂದ ಹೆಂಡತಿಯೇ ಬಾಯಿ ಹಾಕಿದಳು: "ಅವು ವಾಪಸ್ ಬಂದದ್ದು, ಮೇಡಂ. ಬಣ್ಣ ತಪ್ಪಾಗಿ ಬೆರೆತಿದೆ ಅಂತ ಗಿರಾಕಿಗಳು ತಂದುಕೊಟ್ಟದ್ದು."

"ಹೌದಾ, ಯಜಮಾನ್ರೇ? ನಿಮ್ಮಲ್ಲಿ ತಪ್ಪಾಗಿ ಬೆರೆತದ್ದಾ?"

ಹೌದು ಎಂದುಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ಯಜಮಾನರು ಗೋಡೆಯ ಕಡೆ ಕೈ ತೋರಿಸಿದರು. "ಕೆಲವು ಸಲ ಏನಾಗುತ್ತೆ ಅಂದ್ರೆ, ಗೋಡೇಲಿ ತೇವ ಇದ್ರೆ..."

"ಗೋಡೆ ವಿಚಾರ ನಾನು ಕೇಳಲಿಲ್ಲ. ನಿಮ್ಮ ತಪ್ಪಾದ್ರೆ ಇದು ಹಾಳಾದ ಮಾಲು. ನಿಮ್ಮ ತಪ್ಪಲ್ಲ ಅಂದ್ರೆ ಒಳ್ಳೇ ಮಾಲು, ಬಿಲ್ಲಿಲ್ಲದ ಮಾಲು. ಯಾವುದು ಅಂತ ನೀವೇ ಯೋಚನೆ ಮಾಡಿ. ಮುಂದಿನ ವಾರ ಬರ್ತೀನಿ. ಹಾಳಾದದ್ದು ಅನ್ನೋದಾದ್ರೆ ತಂದುಕೊಟ್ಟವರನ್ನ ಕರೆಸಿ."

ಕೋಣೆಗೆ ಸೀಲು ಬಿತ್ತು.

ಮುಂದಿನ ಕೆಲವು ದಿನ ಯಜಮಾನರು ಯಾವ ಮನೆಯವರನ್ನು ತಮ್ಮ ಮಾತಿನ ಜೋರಿನ ಮೇಲೆ ಗೆದ್ದು ಕಳಿಸಿದ್ದರೋ ಆ ಮನೆಗಳ ಮೆಟ್ಟಿಲು ಹತ್ತಿದರು. ಮೊದಲು ಹಲ್ಲಿನ ಡಾಕ್ಟರು. ಡಾಕ್ಟರು ಒಬ್ಬ ರೋಗಿಯ ಬಾಯಿಯೊಳಗೆ ಕೈಯಿಟ್ಟಿದ್ದರು. ಪಕ್ಕದ ಬೋಗುಣಿಯಲ್ಲಿ ನಸುಗೆಂಪು ಎಂಜಲು ಸುತ್ತುತ್ತಿತ್ತು. ಯಜಮಾನರು ಅದನ್ನು ನೋಡಬಾರದೆಂದು ಗೋಡೆ ನೋಡಿದರು. ಗೋಡೆಯ ಬಣ್ಣ ತಾವೇ ಕೊಟ್ಟದ್ದು. ಅದು ಬೋಗುಣಿಗಿಂತ ಕೆಟ್ಟದಾಗಿತ್ತು.

"ಆಸ್ಪತ್ರೆ ಬಿಳಿ ಕೇಳಿದ್ದೆ" ಎಂದರು ಡಾಕ್ಟರು, ಕೈ ತೆಗೆಯದೆ. "ಬಂದ ರೋಗಿಗಳೆಲ್ಲ ಮೊದಲು ಗೋಡೆ ನೋಡಿ, ಆಮೇಲೆ ಕನ್ನಡೀಲಿ ತಮ್ಮ ಹಲ್ಲು ನೋಡ್ಕೊಂಡು ಸಮಾಧಾನ ಪಡ್ತಾರೆ. ಎರಡನೇ ಡಬ್ಬಿ ತಂದು ಬಿಸಾಕಿದಾಗ ನೀವೇನಂದ್ರಿ? ನನ್ನ ಬಲ್ಬು ಸರಿ ಇಲ್ಲ ಅಂದ್ರಿ. ಆಮೇಲೆ ನಾನೂ ಮತ್ತೆ ಬಳಿಸೋ ಗೋಜಿಗೆ ಹೋಗಲಿಲ್ಲ."

"ಅದು ಆಗ, ಡಾಕ್ಟ್ರೇ. ಈಗ ಬಂದು ಒಂದು ಮಾತು ಹೇಳ್ಬೇಕು."

"ಮೊದಲು ನೀವು ಬಾಯಿಬಿಡಿ. ತಪ್ಪು ಯಾರದು?"

ಬಾಯಿ ತೆರೆದು ಮಲಗಿದ್ದ ರೋಗಿಯೂ ಕಣ್ಣು ಹೊರಳಿಸಿ ಉತ್ತರಕ್ಕೆ ಕಾದ. "ಬಲ್ಬಿಂದಲ್ಲ" ಎಂದರು ಯಜಮಾನರು. ಅಷ್ಟು ಹೊರಡಿಸುವುದಕ್ಕೇ ಅವರಿಗೆ ದವಡೆ ನೋವು ಬಂತು. ಡಾಕ್ಟರು ಸದ್ಯಕ್ಕೆ ಅಷ್ಟು ಸಾಕೆಂದು ಒಪ್ಪಿದರು.

ನಿವೃತ್ತ ಹೆಡ್‌ಮಾಸ್ತರರು ಅಷ್ಟಕ್ಕೆ ಬಿಡುವ ಆಸಾಮಿಯಲ್ಲ. ಕಣ್ಣು ತೋರಿಸಿಕೊಳ್ಳಿ ಎಂಬ ಸಲಹೆ ಪಡೆದವರು ಅವರೇ. "ಪೂರ್ತಿ ವಾಕ್ಯ ಹೇಳಿ. ಕರ್ತೃ ಎಲ್ಲಿ? ಯಾರು ತಪ್ಪು ಮಾಡಿದ್ದು?" ಎಂದು ನಿಲ್ಲಿಸಿಕೊಂಡು ಕೇಳಿದರು. ಜಗಲಿಯ ಮೇಲೆ ನಿಂತು, ಎದುರು ಮನೆಯವರೂ ಕೇಳುವಂತೆ, ಯಜಮಾನರು ಪೂರ್ತಿ ವಾಕ್ಯ ಹೇಳಿದರು. ಹೇಳಿದ ಮೇಲೆ ಬಾಯಿ ಮುಕ್ಕಳಿಸಬೇಕೆನಿಸಿತು. ಹಿಂದೊಮ್ಮೆ ಡಬ್ಬಿ ವಾಪಸು ಕೊಟ್ಟಿದ್ದ ದರ್ಜಿಯ ಮನೆಗೆ ಹೋಗುವ ಕೆಲಸವೇ ಬೀಳಲಿಲ್ಲ. "ನನ್ನನ್ನ ಬಿಟ್ಟುಬಿಟ್ರೆ ಜಗಳ ಆಗುತ್ತೆ" ಎಂದು ಅವನೇ ಬಂದು ಹೆಸರು ಕೊಟ್ಟಿದ್ದ.

ತಪಾಸಣೆಯ ದಿನ ಮೂವರೂ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ, ಬಿಟ್ಟಿ ನಾಟಕಕ್ಕೆ ಬಂದವರ ಹಾಗೆ ಬಂದು ಬೆಂಚಿನ ಮೇಲೆ ಕೂತರು. ಡಾಕ್ಟರು ತಮ್ಮ ಗೋಡೆಯಿಂದ ಕೆರೆದ ಬಣ್ಣದ ಚಕ್ಕೆಯನ್ನು ಚಿಕ್ಕ ಡಬ್ಬಿಯಲ್ಲಿ ತಂದಿದ್ದರು. ಅಧಿಕಾರಿ ಸೀಲು ಒಡೆಸಿದರು. "ಮುಚ್ಚಳ ತೆಗೀರಿ. ಗುಮಾಸ್ತರು ತೆಗೆಯಲ್ಲ, ನೀವೇ ತೆಗೀರಿ."

ಯಜಮಾನರು ತೆಗೆದರು. ಒಂದಾದ ಮೇಲೊಂದು, ಸಾಲಾಗಿ. ಮೊದಲ ಸಾಲು ಮುಗಿಯುವುದರೊಳಗೆ ಗುಮಾಸ್ತ ಬಾಗಿಲ ಹೊರಗಿದ್ದ, ಆಡಿಟರು ಬೀದಿಯಲ್ಲಿದ್ದರು. ಯಜಮಾನರ ಕೈ ಮೊಣಕೈವರೆಗೆ ಅಂಟಂಟು. ನಾಲ್ಕು ವರ್ಷದ ಕೆಳಗಿನ ತಿಳಿನೀಲಿ ಪಾಚಿಯಾಗಿತ್ತು. ಗುಲಾಬಿ ಮಾಯುತ್ತಿರುವ ಹುಣ್ಣಿನಂತಿತ್ತು. ಬಿಳಿ, ಕೆನೆ, ದಂತ ಎಂದು ಚೀಟಿ ಹಚ್ಚಿದ್ದೆಲ್ಲ ಒಂದೇ ಕೀವು. ಬಗ್ಗಿ ನಿಂತು ನೋಡಿದರೆ ಯಾವ ಡಬ್ಬಿಯೂ ತನ್ನ ಬಣ್ಣದ್ದಾಗಿರಲಿಲ್ಲ. ಎಲ್ಲವೂ ಒಂದೇ ಕಡೆಗೆ, ಹಳದಿಯ ಕಡೆಗೆ ವಾಲಿದ್ದವು. ಒಂದೊಂದಾಗಿ ಬಂದಾಗ ಒಂದೊಂದು ಗೋಡೆಯ ಮೇಲೆ ಹೊರಿಸಿದ್ದ ತಪ್ಪು ಈಗ ಇಡೀ ಕೋಣೆ ತುಂಬ ಒಂದೇ ಮುಖ ಹೊತ್ತು ಕೂತಿತ್ತು. ಆ ನಾತದ ನಡುವೆ ಯಜಮಾನರಿಗೆ ಡಬ್ಬಿಗಳಿಗಿಂತ ಹೆಚ್ಚು ಹೇಸಿಗೆಯಾದದ್ದು ತಮ್ಮ ಮೇಲೆಯೇ.

ದರ್ಜಿ ಗುರುತು ಹಿಡಿದು ಕೂಗಿದ: "ಅದೋ, ಅದು ನಂದು! ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿದೀನಿ ನೋಡಿ." ಡಾಕ್ಟರು ಚಕ್ಕೆ ಹಿಡಿದು ಹೋಲಿಸಿದರು. ಹೆಡ್‌ಮಾಸ್ತರರು ತಮ್ಮ ಡಬ್ಬಿಯ ಮುಂದೆ ಕನ್ನಡಕ ಒರೆಸಿಕೊಂಡು, "ನನ್ನ ಕಣ್ಣು ಚೆನ್ನಾಗಿಯೇ ಇದೆ" ಎಂದು ಅಧಿಕಾರಿಗೆ ಹೇಳಿದರು.

ಅಧಿಕಾರಿ ಮೂಗಿಗೆ ಸೆರಗು ಒತ್ತಿಕೊಂಡೇ ಸಾಲನ್ನು ಕೊನೆಯವರೆಗೆ ನೋಡಿ ಬಂದರು. "ಇಂಥ ಬಣ್ಣನ ಬಿಲ್ಲಿಲ್ಲದೆ ಕದ್ದು ತರೋ ಮನುಷ್ಯ ಇನ್ನೂ ಹುಟ್ಟಿಲ್ಲ" ಎಂದರು. "ಆದ್ರೂ ನಿಮ್ಮ ಬಾಯಿಂದ ಬರ್ಬೇಕು. ಬರ್ಕೊಳ್ಳಿ, ಗುಮಾಸ್ತರೇ. ಹೇಳಿ, ಯಜಮಾನ್ರೇ."

"ನನ್ನ ಯಂತ್ರದ ತಪ್ಪು" ಎಂದರು ಯಜಮಾನರು. ಹೆಂಡತಿ ಕೆಮ್ಮಿದಳು. "ನನ್ನ ತಪ್ಪು" ಎಂದರು.

ಹಾಳಾದ ಮಾಲೆಂದು ದಾಖಲಾಯಿತು. ಸೋರಿಕೆಯೆಂದು ಸುಳ್ಳು ಬರೆದದ್ದಕ್ಕೆ ಚಿಕ್ಕದೊಂದು ದಂಡ. ಡಬ್ಬಿಗಳನ್ನು ಕಸ ವಿಲೇವಾರಿಯವರಿಗೆ ಒಪ್ಪಿಸಿ, ಫೋಟೊ ತೆಗೆದು ಕಳಿಸಬೇಕೆಂಬ ಷರತ್ತು. ಅಂಗಡಿ ಉಳಿಯಿತು. ಅಧಿಕಾರಿ ಬೀದಿ ತಿರುಗುವುದನ್ನೇ ಕಾಯುತ್ತಿದ್ದ ಆಡಿಟರು ಒಳಗೆ ಬಂದು, "ಹೇಗೆ ವಾದ ಮಾಡಿದ್ವಿ!" ಎಂದು ಬೆರಳು ನೆಕ್ಕಿ ತಮ್ಮ ಫೀಸಿನ ಚೀಟಿಯನ್ನು ಮೇಜಿನ ಮೇಲಿಟ್ಟರು. ಯಜಮಾನರು ಅದನ್ನು ಚಿಮಟದಲ್ಲಿ ಎತ್ತಿಕೊಂಡರು.

ಮೆಕ್ಯಾನಿಕ್ ಬಂದು ಹಳದಿಯ ನಳಿಕೆ ಬಿಚ್ಚಿ, ಸವೆದುಹೋದ ಒಂದು ರಬ್ಬರ್ ವಾಷರನ್ನು ತೆಗೆದು ಅಂಗೈ ಮೇಲಿಟ್ಟ. ಹೊಸದರ ಬೆಲೆ ಅವನು ಕುಡಿದ ಟೀಗಿಂತ ಕಡಿಮೆ. "ಮೊದಲೇ ಕರೀಬಾರ್ದಾ, ಯಜಮಾನ್ರೇ?" ಎಂದ. ಯಜಮಾನರು ಆ ವಾಷರನ್ನು ನೋಡಿದ ನೋಟದಲ್ಲಿ ಸತ್ತ ಹಲ್ಲಿಯನ್ನು ನೋಡಿದಾಗ ಇದ್ದಷ್ಟು ಮರ್ಯಾದೆಯೂ ಇರಲಿಲ್ಲ. ಕಸದ ಬುಟ್ಟಿಗೆ ಎಸೆದರು.

ಕೋಣೆ ಖಾಲಿಯಾಯಿತು, ಫಿನಾಯಿಲಿನಲ್ಲಿ ತೊಳೆದದ್ದಾಯಿತು. ಈಗ ಕೆನೆ ಕೇಳಿದರೆ ಕೆನೆ, ಬಿಳಿ ಕೇಳಿದರೆ ಬಿಳಿ. ಯಜಮಾನರು ಪ್ರತಿ ಡಬ್ಬಿಯನ್ನೂ ತೆರೆದು ಗಿರಾಕಿಗೆ ತೋರಿಸಿಯೇ ಕಳಿಸುತ್ತಿದ್ದರು.

ಆಮೇಲೆ ಬೇಕರಿಯ ಅಕ್ಕ ಬಂದಳು. ಮೊನ್ನೆ ಕೊಂಡ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದಳು.

"ಅಣ್ಣಾ, ಒಲೆಯ ಪಕ್ಕದ ಗೋಡೆ ಮಸಿ ಹಿಡಿದಿತ್ತು. ಅದೊಂದಕ್ಕೆ ಬಳಿಸಿದ್ರೆ ಬೇರೆ ಗೋಡೆಗಳ ಮುಂದೆ ಹೆಣದ ಹಾಗೆ ಬಿಳುಚಿಕೊಂಡಿದೆ. ಇದು ನಿಮ್ಮ ಕೆನೆ ಬಣ್ಣ ಅಲ್ಲವೇ ಅಲ್ಲ."

"ಇದೇ ಅಕ್ಕಾ ಸರಿಯಾದ ಕೆನೆ. ಮೊದಲು ಕೊಟ್ಟದ್ದು..." ಎಂದರು ಯಜಮಾನರು. ಹೆಂಡತಿ ಗಲ್ಲಾದಿಂದ ನೋಡುತ್ತಿದ್ದಳು. "ಮೊದಲು ಕೊಟ್ಟದ್ದು ತಪ್ಪು. ನನ್ನ ತಪ್ಪು."

"ತಪ್ಪೋ ಒಪ್ಪೋ, ನಂಗೆ ಅದೇ ಬೇಕು. ಇಡೀ ಬೇಕರಿ ಅದೇ ಇದೆ. ಈಗೇನು, ಎಲ್ಲ ಗೋಡೆ ಮತ್ತೆ ಹೊಡೆಸ್ಲಾ? ದುಡ್ಡು ನೀವು ಕೊಡ್ತೀರಾ?"

ಯಜಮಾನರು ಬಾಗಿಲಾಚೆ ನೋಡಿದರು. ಬೀದಿಯ ಆ ತುದಿಯಿಂದ ಈ ತುದಿಯವರೆಗೆ, 'ಒಣಗ್ಲಿ' ಎಂದದ್ದನ್ನು ನಂಬಿದವರ ಗೋಡೆಗಳು ಕೀವಿನ ಬಣ್ಣದಲ್ಲಿ ಬಿಸಿಲು ಕಾಯಿಸುತ್ತಿದ್ದವು. ಒಬ್ಬೊಬ್ಬರಾಗಿ ಎಲ್ಲರೂ ಬರುತ್ತಾರೆ. ಆ ಬಣ್ಣದ ಡಬ್ಬಿಗಳು ಕೋಣೆಗಟ್ಟಲೆ ಇದ್ದವು, ಅವನ್ನು ಕಸಕ್ಕೆ ಒಪ್ಪಿಸಿ ಇಲಾಖೆಗೆ ಫೋಟೊ ಕಳಿಸಿ ಇನ್ನೂ ವಾರ ಆಗಿಲ್ಲ.

ಅವರು ಹೊಸ ಡಬ್ಬಿಯನ್ನು ಯಂತ್ರದ ಕೆಳಗಿಟ್ಟು ಕೆನೆ ಬೆರೆಸಿದರು. ಆಮೇಲೆ ಮುಖ ಹಿಂಡಿಕೊಂಡು, ಹಳದಿಯ ಬಾಟಲಿಯನ್ನು ಕೈಯಾರೆ ಬಗ್ಗಿಸಿ ಒಂದು ತೊಟ್ಟು ಹೆಚ್ಚಿಗೆ ಬಿಟ್ಟರು. ಹನಿ ಹೆಬ್ಬೆರಳಿಗೂ ತಾಕಿತು. ಅಕ್ಕ ಬಗ್ಗಿ ನೋಡಿ, "ಹಾಂ, ಈಗ ಬಂತು. ಒಣಗಿದ ಮೇಲೂ ಹೀಗೇ ಇರುತ್ತಾ ಅಣ್ಣಾ?" ಎಂದಳು.

ಯಜಮಾನರು ಸೋಪಿಗೆ ಕೈ ಚಾಚಿದರು.

"ರೀ," ಎಂದಳು ಹೆಂಡತಿ, ಪೆನ್ನು ಹಿಡಿದು, "ಇದನ್ನ ಏನಂತ ಬರೀಲಿ?"